ಪ್ರಯೋಗಶಾಲೆಯಿಂದ ಲೋಕಸಭೆಗೆ: ಡಾಕ್ಟರ್ ಮೇಘನಾದ ಸಾಹಾ ಅವರ ಜೀವನ

ವಿದ್ವಾಂಸರಾದವರು ಲೋಕವ್ಯವಹಾರದಲ್ಲಿ ತಲೆಹಾಕಬಹುದೇ ಎಂಬ ಪ್ರಶ್ನೆಯು ನಮ್ಮಲ್ಲಿ ಆಗಾಗ ಏಳುವುದುಂಟು. ಸಂಶೋಧಕನಾದವನು ತನ್ನ ಪ್ರಯೋಗಶಾಲೆಯ ಬಾಗಿಲನ್ನಿಕ್ಕಿಕೊಂಡು ತನ್ನ ಪಾಡಿಗೆ ತಾನಿರಬೇಕು, ರಾಜ್ಯಕಾರ್ಯವನ್ನು ಅದನ್ನು ಬಲ್ಲವರು ನೋಡಿಕೊಳ್ಳುತ್ತಾರೆ ಎಂಬುದು ಒಂದು ಪಕ್ಷ. ನಾಡಿನ ಅನ್ನವನ್ನುಂಡು ವಿದ್ಯೆ ಗಳಿಸಿದವನು ನಾಡಿನ ಕಷ್ಟದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಕೃತಘ್ನತೆ ಎಂಬುದು ಇನ್ನೊಂದು ಪಕ್ಷ. ಈ ಎರಡನೆಯ ಪಕ್ಷವನ್ನು ಬಾಳಿನಿಂದಲೇ ಎತ್ತಿಹಿಡಿದು, ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತು ಹೋದ ಮಹನೀಯರಲ್ಲಿ ಡಾಕ್ಟರ್ ಮೇಘನಾದ ಸಾಹಾ ಅವರು ಅಗ್ರಗಣ್ಯರು. ನಕ್ಷತ್ರಗಳ ಬೆಳಕಿನ ಮರ್ಮವನ್ನು ಬಿಡಿಸಿ ಹೇಳಿದ ವಿಜ್ಞಾನಿಯೆಂದು ಜಗತ್ತು ಅವರನ್ನು ಬಲ್ಲುದು. ನದಿಗಳ ನೆರೆ, ಕಾರ್ಖಾನೆಗಳ ಸ್ಥಾಪನೆ, ಅಣುಶಕ್ತಿ, ಪಂಚಾಂಗ, ನಿರಾಶ್ರಿತರ ಗೋಳು ಇವೆಲ್ಲವುಗಳ ವಿಷಯದಲ್ಲಿಯೂ ಅವರು ಖಂಡಿತವಾದ ಅಭಿಪ್ರಾಯಗಳನ್ನು ಹೊಂದಿದ್ದರೆಂಬುದನ್ನೂ, ಅವುಗಳನ್ನು ಯಾರ ಮುಖವನ್ನೂ ನೋಡದೆ ಹೇಳಿದರೆಂಬುದನ್ನೂ ಬಲ್ಲವರು ವಿರಳ. ಆದುದರಿಂದ ಅವರ ಜೀವನಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಸಂಗ್ರಹವಾಗಿ ಇಡಲು ನಾವು ಬಯಸುತ್ತೇವೆ.

ಬಾಲ್ಯ

ಪೂರ್ವಬಂಗಾಲದ ಢಾಕಾ ಜಿಲ್ಲೆಯ ಶಿಯೋರಾತಲಿ ಎಂಬ ಕುಗ್ರಾಮದಲ್ಲಿ 1893ನೆಯ ಇಸವಿ ಅಕ್ಟೋಬರ್ 6ರಂದು ಮೇಘನಾದರು ಜನಿಸಿದರು. ಆ ಊರು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಜಗನ್ನಾಥ ಸಾಹಾ ಅವರು ಊರಿನಲ್ಲಿ ಒಂದು ಚಿಕ್ಕ ದಿನಸಿ ಅಂಗಡಿಯನ್ನಿಟ್ಟುಕೊಂಡಿದ್ದರು. ತಾಯಿ ಭುವನೇಶ್ವರಿದೇವಿ. ಎಂಟು ಮಂದಿ ಮಕ್ಕಳಲ್ಲಿ ಇವರು ಐದನೆಯವರು. ಹುಟ್ಟಿದ ರಾತ್ರಿ ಗುಡುಗುಮಳೆಯ ಆರ್ಭಟವಾಗಿದ್ದುದರಿಂದ ಮಗುವಿಗೆ ಮೇಘನಾಥನೆಂದು ಹೆಸರಿಟ್ಟರಂತೆ. ಮುಂದೆ ಅವರೇ ಅದನ್ನು ಮೇಘನಾದ ಎಂದು ಬದಲಾಯಿಸಿಕೊಂಡರು. ರಾಮಾಯಣದಲ್ಲಿ ರಾವಣನ ಮಗ ಇಂದ್ರಜಿತುವಿಗೆ ಇರುವ ಹೆಸರು ಅದು.

ಅಂಗಡಿಯ ಅಲ್ಪ ಆದಾಯದಿಂದ ಹತ್ತು ಹೊಟ್ಟೆಗಳು ತುಂಬಬೇಕು. ಇಂಥ ಮನೆಯಲ್ಲಿ ಹುಡುಗನು ಅಕ್ಷರ ಕಲಿತು ಲೆಕ್ಕ ಬರೆಯುವಷ್ಟಾದರೆ ಸಾಕು, ಬಳಿಕ ತಕ್ಕಡಿ ಹಿಡಿಯಬೇಕೆಂಬುದು ತಂದೆಯ ಎಣಿಕೆಯಾಗಿದ್ದಿತು. ಊರಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರೂ ಅಣ್ಣ ಜಯನಾಥನೂ ಅಡ್ಡಬಂದು, ಈ ಹುಡುಗನ ಬುದ್ಧಿ ಅಂಗಡಿಯಲ್ಲಿ ವ್ಯರ್ಥವಾಗಬಾರದೆಂದು ಒತ್ತಾಯಿಸಿದರು. ಮುಂದಿನ ಶಾಲೆಯಿದ್ದುದು ಸುಮಾರು 10 ಕಿಲೋಮೀಟರ್ ದೂರದ ಶಿಮುಲಿಯಾದಲ್ಲಿ. ಅಲ್ಲಿಯ ವೈದ್ಯರಾದ ಅನಂತಕುಮಾರ ದಾಸ್ ಎಂಬವರು ಹುಡುಗನಿಗೆ ತಮ್ಮ ಮನೆಯಲ್ಲಿ ಊಟವನ್ನೂ ವಸತಿಯನ್ನೂ ಉಚಿತವಾಗಿ ಕೊಡಲು ಒಪ್ಪಿದರು. ಉಂಡ ತಟ್ಟೆಯನ್ನು ತಾನೇ ತೊಳೆದಿಡಬೇಕು, ಮನೆಯ ಹಸುವಿನ ಆರೈಕೆ ಮಾಡಬೇಕು ಎಂಬುದಷ್ಟೇ ಒಪ್ಪಂದ. ಮುಂದೆ ಲಂಡನಿನ ರಾಯಲ್ ಸೊಸೈಟಿಯ ಫೆಲೋ ಆದ ಮಹಾವಿಜ್ಞಾನಿಯ ವಿದ್ಯಾಭ್ಯಾಸವು ಹೀಗೆ ಕೊಟ್ಟಿಗೆಯ ಕೆಲಸದೊಡನೆ ಮುಂದುವರಿಯಿತು.

1905ರಲ್ಲಿ ಮಾಧ್ಯಮಿಕ ಪರೀಕ್ಷೆಯಲ್ಲಿ ಢಾಕಾ ಜಿಲ್ಲೆಗೇ ಮೊದಲಿಗನಾಗಿ ತೇರ್ಗಡೆಯಾದ ಮೇಘನಾದನಿಗೆ ತಿಂಗಳಿಗೆ 4 ರೂಪಾಯಿಗಳ ಸರಕಾರಿ ವಿದ್ಯಾರ್ಥಿವೇತನ ದೊರೆಯಿತು. ವೈಶ್ಯ ಸಮಿತಿಯವರು 2 ರೂಪಾಯಿ ಕೊಟ್ಟರು. ಸೆಣಬಿನ ಕಂಪೆನಿಯೊಂದರಲ್ಲಿ ತಿಂಗಳಿಗೆ 20 ರೂಪಾಯಿಗೆ ದುಡಿಯುತ್ತಿದ್ದ ಅಣ್ಣ ಜಯನಾಥನು ಅದರಲ್ಲಿ 5 ರೂಪಾಯಿಗಳನ್ನು ತಪ್ಪದೆ ಕಳುಹಿಸುತ್ತಿದ್ದನು. ಒಟ್ಟು 11 ರೂಪಾಯಿಗಳ ಬಲದಿಂದ ಹುಡುಗನು ಢಾಕಾ ನಗರದ ಸರಕಾರಿ ಶಾಲೆಯನ್ನು ಸೇರಿದನು. ಪರಸ್ಥಳದಲ್ಲಿ ದುಡಿದು, ಸಂಬಳದ ಕಾಲುಭಾಗವನ್ನು ತಮ್ಮನ ಓದಿಗೆಂದು ಮನಿಆರ್ಡರು ಮಾಡುವ ಅಣ್ಣಂದಿರು ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಇದ್ದಾರು. ಹಗಲೆಲ್ಲ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರೂ ನಮ್ಮವರಲ್ಲಿ ಉಂಟು. ಜಯನಾಥನ ಆ ಐದು ರೂಪಾಯಿಯ ತೂಕವೆಷ್ಟೆಂಬುದು ಅವರಿಗೆ ನಮಗಿಂತ ಚೆನ್ನಾಗಿ ತಿಳಿದೀತು.

ಅದೇ ವರ್ಷ ಬಂಗಾಲದ ವಿಭಜನೆಯಾಯಿತು. ನಾಡೆಲ್ಲ ಕುದಿಯುತ್ತಿದ್ದಾಗ ಗವರ್ನರ್ ಫುಲ್ಲರ್ ಸಾಹೇಬರು ಢಾಕಾಕ್ಕೆ ಬಂದರು. ಅವರ ಭೇಟಿಯನ್ನು ಪ್ರತಿಭಟಿಸಿದ ವಿದ್ಯಾರ್ಥಿಗಳಲ್ಲಿ ಮೇಘನಾದನೂ ಒಬ್ಬನೆಂದು ಅವನನ್ನು ಶಾಲೆಯಿಂದ ಹೊರಹಾಕಲಾಯಿತು, ವಿದ್ಯಾರ್ಥಿವೇತನವೂ ಹೋಯಿತು. ಲೋಕದ ವಿಷಯದಲ್ಲಿ ಅಭಿಪ್ರಾಯವನ್ನಿಟ್ಟುಕೊಂಡುದಕ್ಕಾಗಿ ಅವರು ತೆತ್ತ ಮೊದಲ ದಂಡ ಇದು. ಆಗ ಅವರಿಗೆ ಹನ್ನೆರಡು ವರ್ಷ. ಕಿಶೋರಿಲಾಲ್ ಜುಬಿಲಿ ಶಾಲೆಯವರು ಹುಡುಗನನ್ನು ಸೇರಿಸಿಕೊಂಡುದರಿಂದ ಓದು ನಿಲ್ಲಲಿಲ್ಲ. 1909ರ ಪ್ರವೇಶಪರೀಕ್ಷೆಯಲ್ಲಿ ಪೂರ್ವಬಂಗಾಲದ ವಿದ್ಯಾರ್ಥಿಗಳಲ್ಲೆಲ್ಲ ಅವನೇ ಮೊದಲಿಗನಾದನು.

ಕಲ್ಕತ್ತೆಯ ದಿನಗಳು

1911ರಲ್ಲಿ ಮೇಘನಾದರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಆ ಕಾಲದಲ್ಲಿ ಆ ಕಾಲೇಜು ವಿದ್ವತ್ತಿನ ಗಣಿಯಾಗಿದ್ದಿತು. ಜಗದೀಶಚಂದ್ರ ಬೋಸರೂ ಪ್ರಫುಲ್ಲಚಂದ್ರ ರಾಯರೂ ಗುರುಗಳು. ಸತ್ಯೇಂದ್ರನಾಥ ಬೋಸರು ಸಹಪಾಠಿ. ಮುಂದೆ ಸಂಖ್ಯಾಶಾಸ್ತ್ರದಲ್ಲಿ ಹೆಸರಾದ ಪ್ರಶಾಂತಚಂದ್ರ ಮಹಲನೋಬಿಸರು ಒಂದು ವರ್ಷ ಮುಂದಿನವರು. 1913ರ ಬಿ.ಎಸ್‌ಸಿ. ಪರೀಕ್ಷೆಯಲ್ಲಿಯೂ 1915ರ ಎಂ.ಎಸ್‌ಸಿ. ಪರೀಕ್ಷೆಯಲ್ಲಿಯೂ ಸತ್ಯೇಂದ್ರನಾಥರು ಪ್ರಥಮ, ಮೇಘನಾದರು ದ್ವಿತೀಯ.

ಓದಿನಲ್ಲಿ ದೊರೆತ ಗೌರವ ಊಟದ ಮನೆಯಲ್ಲಿ ದೊರೆಯಲಿಲ್ಲ. ಈಡನ್ ಹಿಂದೂ ವಿದ್ಯಾರ್ಥಿನಿಲಯದಲ್ಲಿ ಮೇಲುಜಾತಿಯವರೆನಿಸಿಕೊಂಡ ಕೆಲವರು ಇವರೊಡನೆ ಕುಳಿತು ಉಣ್ಣಲು ಒಪ್ಪಲಿಲ್ಲ. ಸರಸ್ವತೀಪೂಜೆಯ ದಿನ ಇವರನ್ನು ಪೂಜಾಮಂಟಪದಿಂದ ದೂರವಿರಿಸಿದರೆಂಬುದೂ ಪ್ರಸಿದ್ಧವಾಗಿದೆ. ವಿದ್ಯಾಧಿದೇವತೆಯ ಪೂಜೆಗೆ ವಿದ್ಯಾವಂತನೇ ಹೊರಗು! ಪಂಕ್ತಿಭೇದವೆಂದರೇನೆಂಬುದನ್ನು ನಮ್ಮ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಕೆಲವರು ಗೆಳೆಯರು ಇವರ ಪಕ್ಷ ವಹಿಸಿ, ನಿಲಯವನ್ನು ಬಿಟ್ಟು ಇವರೊಡನೆ ಬೇರೊಂದು ಮೆಸ್ಸಿನಲ್ಲಿ ನೆಲಸಿದರು. ಈ ನೋವು ಕೊನೆಯವರೆಗೂ ಅವರಲ್ಲಿ ಉಳಿಯಿತು. ಹುಟ್ಟಿನ ಮೇಲೆ ಮನುಷ್ಯನ ಬೆಲೆ ಕಟ್ಟುವ ಸಮಾಜವು ಯಂತ್ರಯುಗದಲ್ಲಿ ಬದುಕಲಾರದೆಂದು ಅವರು ಮುಂದೆ ಮತ್ತೆ ಮತ್ತೆ ವಾದಿಸಿದುದಕ್ಕೆ ಬೇರು ಇಲ್ಲಿದೆ.

ಪರೀಕ್ಷೆಗಳು ಮುಗಿದ ಬಳಿಕ ಸರಕಾರದ ಹಣಕಾಸು ಸೇವೆಯ ಪರೀಕ್ಷೆಗೆ ಕೂರಬೇಕೆಂದು ಮೇಘನಾದರಿಗೆ ಆಸೆಯಿದ್ದಿತು. ಕ್ರಾಂತಿಕಾರಿಗಳ ಪರಿಚಯವುಳ್ಳವನೆಂಬ ಸಂಶಯದಿಂದ ಅದಕ್ಕೆ ಅನುಮತಿ ಸಿಕ್ಕಲಿಲ್ಲ. ಊರಿನ ತಂದೆತಾಯಿಗಳನ್ನೂ ಓದುತ್ತಿದ್ದ ತಮ್ಮನನ್ನೂ ಸಲಹಬೇಕಾಗಿದ್ದುದರಿಂದ, ಬೈಸಿಕಲ್ಲನ್ನೇರಿ ನಗರದ ಮೂಲೆಮೂಲೆಗಳಿಗೆ ಹೋಗಿ ಮಕ್ಕಳಿಗೆ ಮನೆಪಾಠ ಹೇಳಿ ಜೀವನ ಸಾಗಿಸಿದರು. ಸರ್ ಆಶುತೋಷ ಮುಖರ್ಜಿಯವರು 1916ರಲ್ಲಿ ಹೊಸ ವಿಜ್ಞಾನ ಕಾಲೇಜಿಗೆ ಸತ್ಯೇಂದ್ರನಾಥರನ್ನೂ ಇವರನ್ನೂ ಅಧ್ಯಾಪಕರನ್ನಾಗಿ ಕರೆದುಕೊಂಡರು. ಸರಕಾರವು ಒಬ್ಬ ಗುಮಾಸ್ತೆಯನ್ನು ಕಳೆದುಕೊಂಡಿತು. ದೇಶವು ಒಬ್ಬ ವಿಜ್ಞಾನಿಯನ್ನು ಪಡೆಯಿತು.

ನಕ್ಷತ್ರಗಳ ಬೆಳಕು

ಯುದ್ಧಕಾಲದಲ್ಲಿ ಯುರೋಪಿನ ಪತ್ರಿಕೆಗಳು ಬರುತ್ತಿರಲಿಲ್ಲ, ಪ್ರಯೋಗಶಾಲೆಯಲ್ಲಿ ಸಲಕರಣೆಗಳಿರಲಿಲ್ಲ. ಗೆಳೆಯರಿಬ್ಬರೂ ಜರ್ಮನ್ ಭಾಷೆಯನ್ನು ಕಲಿತು ಐನ್‌ಸ್ಟೈನ್ ಅವರ ಸಾಪೇಕ್ಷತಾವಾದದ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಕಲ್ಕತ್ತಾ ವಿಶ್ವವಿದ್ಯಾನಿಲಯವು ಅದನ್ನು 1920ರಲ್ಲಿ ಪುಸ್ತಕವಾಗಿ ಹೊರತಂದಿತು.

ಅದೇ 1920ರಲ್ಲಿ ಸಾಹಾ ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಸಿದ್ಧಾಂತವೂ ಪ್ರಕಟವಾಯಿತು. ಅದನ್ನು ಸುಲಭವಾಗಿ ಹೇಳಲು ಯತ್ನಿಸುತ್ತೇವೆ. ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಮೂಲವಸ್ತುವಿಗೂ ಅದರದೇ ಆದ ಗೆರೆಗಳುಂಟು. ನಕ್ಷತ್ರ ನಕ್ಷತ್ರಕ್ಕೂ ಈ ಗೆರೆಗಳು ಬೇರೆಬೇರೆಯಾಗಿರುವುದನ್ನು ಖಗೋಳಜ್ಞರು ಕಂಡು ವರ್ಗೀಕರಿಸಿದ್ದರು. ಆದರೆ ಈ ಭೇದಕ್ಕೆ ಕಾರಣವೇನು? ಯಾವ ಗೆರೆ ದಟ್ಟವಾಗಿದೆಯೋ ಆ ವಸ್ತು ಅಲ್ಲಿ ಹೆಚ್ಚಾಗಿದೆಯೆಂದು ಹಲವರು ತಿಳಿದಿದ್ದರು.

ಅಡಿಗೆಮನೆಯನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತು. ನೀರು ಆವಿಯಾಗುವುದು ಬರಿಯ ಬೆಂಕಿಯ ಮೇಲೆ ನಿಂತಿಲ್ಲ. ಮೇಲಿನ ಒತ್ತಡದ ಮೇಲೂ ನಿಂತಿದೆ. ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಹೆಚ್ಚು, ಆದುದರಿಂದ ನೀರು ತಡವಾಗಿ ಕುದಿಯುತ್ತದೆ. ಬೆಟ್ಟದ ಮೇಲೆ ಒತ್ತಡ ಕಡಮೆ, ಬೇಗ ಕುದಿಯುತ್ತದೆ. ಇದೇ ಬಗೆಯ ನಿಯಮವು ಪರಮಾಣುಗಳಿಗೂ ಉಂಟೆಂದು ಸಾಹಾ ಅವರು ತೋರಿಸಿಕೊಟ್ಟರು. ಕಾವು ಹೆಚ್ಚಿದಂತೆ ಪರಮಾಣುವು ತನ್ನ ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಒತ್ತಡ ಕಡಮೆಯಿದ್ದಲ್ಲಿ ಇನ್ನೂ ಸುಲಭವಾಗಿ ಕಳೆದುಕೊಳ್ಳುತ್ತದೆ. ಎಲೆಕ್ಟ್ರಾನು ಹೋದ ಪರಮಾಣುವಿನ ಗೆರೆಗಳು ಬೇರೆ. ಎಷ್ಟು ಕಾವಿನಲ್ಲಿ, ಎಷ್ಟು ಒತ್ತಡದಲ್ಲಿ ಎಷ್ಟು ಭಾಗ ಪರಮಾಣುಗಳು ಹೀಗಾಗುತ್ತವೆಂಬುದಕ್ಕೆ ಅವರು ಒಂದು ಸೂತ್ರವನ್ನು ಕೊಟ್ಟರು. ನಕ್ಷತ್ರಗಳ ಗೆರೆಗಳ ಭೇದಕ್ಕೆ ಮುಖ್ಯ ಕಾರಣ ಅವುಗಳ ಕಾವಿನ ಭೇದವೆಂಬುದು ಇದರಿಂದ ಸಿದ್ಧವಾಯಿತು. ಸೂರ್ಯನಲ್ಲಿ ರುಬಿಡಿಯಮ್ ಕಾಣದಿದ್ದುದು ಅದು ಅಲ್ಲಿ ಎಲೆಕ್ಟ್ರಾನು ಕಳೆದುಕೊಂಡಿರುವುದರಿಂದ. ತಂಪಾದ ಸೂರ್ಯಕಲೆಗಳಲ್ಲಿ ಹುಡುಕಿದರೆ ಸಿಗಬೇಕು ಎಂದು ಅವರು ಊಹಿಸಿದರು. ಅಮೆರಿಕದ ಹೆನ್ರಿ ನಾರಿಸ್ ರಸೆಲ್ ಅವರು ಹುಡುಕಿ ನೋಡಲಾಗಿ ಅದು ಅಲ್ಲಿಯೇ ಇದ್ದಿತು. ಇದೇ ಸೂತ್ರವನ್ನು ಹಿಡಿದು ಸೆಸಿಲಿಯಾ ಪೇಯ್ನ್ ಎಂಬ ಯುವತಿಯು 1925ರಲ್ಲಿ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಬಹುಪಾಲೆಂಬ ಮಹತ್ತ್ವದ ನಿರ್ಣಯಕ್ಕೆ ಬಂದಳು.

ಬಡ ದೇಶದ ಸಂಶೋಧಕನ ಪಾಡೇನೆಂಬುದನ್ನೂ ಅವರು ಉಂಡು ತಿಳಿದಿದ್ದರು. ಬೆಳಕಿನ ಒತ್ತಡದ ವಿಷಯದಲ್ಲಿ ಅವರು ಅದಕ್ಕೂ ಮುಂಚೆ 1917ರಲ್ಲಿ ಬರೆದ ದೀರ್ಘಲೇಖನವೊಂದನ್ನು ಅಮೆರಿಕದ ಪತ್ರಿಕೆಗೆ ಕಳುಹಿಸಿದಾಗ, ಅಚ್ಚಿನ ಖರ್ಚಿನಲ್ಲಿ ಪಾಲು ಕೊಡಬೇಕೆಂದು ಉತ್ತರ ಬಂದಿತು. ಅಧ್ಯಾಪಕನ ಸಂಬಳದಲ್ಲಿ ಅದು ಸಾಧ್ಯವಾಗಲಿಲ್ಲ. ಲೇಖನವು ಕಡೆಗೆ ವಿಶ್ವವಿದ್ಯಾನಿಲಯದ, ಹೊರದೇಶದವರ ಕಣ್ಣಿಗೆ ಬೀಳದ ಪತ್ರಿಕೆಯಲ್ಲಿ ಬಂದು ಮರೆಯಾಯಿತು. ಅದೇ ವಿಷಯದಲ್ಲಿ ಮುಂದೆ ಕೆಲಸ ಮಾಡಿದ ಬೇರೆಯವರಿಗೆ ಕೀರ್ತಿ ಬಂದಿತು.

ಲಂಡನಿನಲ್ಲಿ ಫೌಲರ್ ಅವರ ಬಳಿಯೂ ಬರ್ಲಿನ್ನಿನಲ್ಲಿ ನೆರ್ನ್‌ಸ್ಟ್ ಅವರ ಬಳಿಯೂ ಕೆಲಸ ಮಾಡಿ 1921ರಲ್ಲಿ ಹಿಂದಿರುಗಿದ ಸಾಹಾ ಅವರು, 1923ರಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಹೋಗಿ ಹದಿನೈದು ವರ್ಷ ಅಲ್ಲಿದ್ದರು. 1927ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್ ಬಹುಮಾನಕ್ಕೆ ಅವರ ಹೆಸರು ಒಂದಕ್ಕಿಂತ ಹೆಚ್ಚು ಸಲ ಸೂಚಿತವಾದರೂ ಬಹುಮಾನವು ಬರಲಿಲ್ಲ.

ದಂತಗೋಪುರದಿಂದ ಇಳಿದದ್ದು

ಸುಮಾರು 1930ರವರೆಗೆ ತಾವೂ ದಂತಗೋಪುರದಲ್ಲಿಯೇ ವಾಸವಾಗಿದ್ದುದಾಗಿ ಸಾಹಾ ಅವರೇ ಒಪ್ಪಿಕೊಂಡಿದ್ದುಂಟು. ಆದರೂ ಆ ಗೋಪುರದ ಬಾಗಿಲು ಎಂದೂ ಪೂರ್ಣವಾಗಿ ಮುಚ್ಚಿರಲಿಲ್ಲವೆಂದು ನಮಗೆ ತೋರುತ್ತದೆ. 1913ರಲ್ಲಿ ದಾಮೋದರ ನದಿಯ ಮಹಾನೆರೆಯಲ್ಲಿ ಅವರು ವಿದ್ಯಾರ್ಥಿ ಸ್ವಯಂಸೇವಕರಾಗಿ ದುಡಿದಿದ್ದರು. 1922ರಲ್ಲಿ ಉತ್ತರಬಂಗಾಲದಲ್ಲಿ ನೆರೆ ಬಂದಾಗ ಗುರು ಪ್ರಫುಲ್ಲಚಂದ್ರರ ಪರಿಹಾರ ಸಮಿತಿಯಲ್ಲಿ ಸೇವೆ ಮಾಡಿದರು. ಅಕ್ಕಿ ಬಟ್ಟೆ ಹಂಚುವುದು ಪುಣ್ಯಕಾರ್ಯವೇ ಸರಿ. ನೆರೆ ಬಾರದಂತೆ ಮಾಡುವುದು ಅದಕ್ಕಿಂತ ಮೇಲಲ್ಲವೇ ಎಂಬ ಯೋಚನೆ ಅವರನ್ನು ಬಿಡಲಿಲ್ಲ. ನದಿಗಳ ಸ್ವಭಾವವನ್ನು ಅಳೆದು ತಿಳಿಯುವ ಪ್ರಯೋಗಶಾಲೆ ಬೇಕೆಂದು ಅವರು ಬರೆಯತೊಡಗಿದರು. ಇಂಥ ವಿಷಯಗಳ ಚರ್ಚೆಗೆಂದೇ 1935ರಲ್ಲಿ ‘ಸಯನ್ಸ್ ಅಂಡ್ ಕಲ್ಚರ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು.

1943ರಲ್ಲಿ ದಾಮೋದರವು ಮತ್ತೆ ಉಕ್ಕಿ ರೈಲುಮಾರ್ಗವನ್ನೇ ಕಡಿದುಹಾಕಿದಾಗ ಸರಕಾರದ ವಿಚಾರಣಾ ಸಮಿತಿಗೆ ಅವರನ್ನೂ ಸೇರಿಸಿಕೊಂಡರು. ಅಮೆರಿಕದ ಟೆನಿಸಿ ಕಣಿವೆಯಲ್ಲಿ ಮಾಡಿದಂತೆ ಇಡೀ ನದಿಯನ್ನು ಒಂದೇ ಘಟಕವೆಂದು ಭಾವಿಸಿ, ಅಣೆಕಟ್ಟು, ವಿದ್ಯುತ್ತು, ನೀರಾವರಿ ಮೂರನ್ನೂ ಒಟ್ಟಿಗೆ ಯೋಜಿಸಬೇಕೆಂಬುದು ಅವರ ವಾದ. ವೈಸರಾಯರ ಮಂತ್ರಿಮಂಡಲದಲ್ಲಿ ಆಗ ಡಾಕ್ಟರ್ ಅಂಬೇಡ್ಕರರ ಇಲಾಖೆಯು ಈ ಕೆಲಸವನ್ನು ಕೈಗೆತ್ತಿಕೊಂಡಿತು. 1948ರಲ್ಲಿ ದಾಮೋದರ ಕಣಿವೆ ನಿಗಮವು ಸ್ಥಾಪಿತವಾಯಿತು. ತಜ್ಞರು ಸೂಚಿಸಿದ್ದಷ್ಟು ಅಣೆಕಟ್ಟುಗಳನ್ನು ಕಟ್ಟದೆ ಮೊದಲ ಹಂತದಲ್ಲಿ ನಾಲ್ಕನ್ನೇ ಕಟ್ಟಿದುದರಿಂದ ನೆರೆಯು ತಗ್ಗಿತೇ ಹೊರತು ನಿಲ್ಲಲಿಲ್ಲ. ಪೂರ್ತಿ ಯೋಜನೆಯನ್ನು ಅರ್ಧ ನಡೆಸಿದರೆ ಫಲವೂ ಅರ್ಧವೇ.

ಯೋಜನೆಯ ಮಾತು ಮತ್ತು ವಿಶ್ವೇಶ್ವರಯ್ಯನವರು

1938ರಲ್ಲಿ ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಸ್ವತಂತ್ರ ಭಾರತವು ಎತ್ತಿನ ಬಂಡಿಯ ಕಾಲಕ್ಕೆ ಹಿಂದಿರುಗುವುದೋ, ಯಂತ್ರೋದ್ಯಮಗಳ ದಾರಿ ಹಿಡಿಯುವುದೋ ಎಂದು ಸಾಹಾ ಅವರು ಅವರನ್ನು ನೇರವಾಗಿ ಕೇಳಿದರು. ಚರಕದಿಂದ ಬಡತನವು ನೀಗದು, ವಿದ್ಯುತ್ತು ಉಕ್ಕುಗಳಿಂದಲೇ ನೀಗಬೇಕು ಎಂಬುದು ಅವರ ದೃಢನಂಬಿಕೆ. ಗಾಂಧೀಜಿಯವರ ಮೇಲೆ ದೇಶವೇ ಭಕ್ತಿಯಿಟ್ಟಿದ್ದ ಕಾಲದಲ್ಲಿ ಹೀಗೆ ಹೇಳುವುದಕ್ಕೆ ಧೈರ್ಯ ಬೇಕಾಗಿದ್ದಿತು. ಗ್ರಾಮೋದ್ಯೋಗದ ಪಕ್ಷದವರಿಗೂ ತಮ್ಮದೇ ಆದ ಬಲವಾದ ಕಾರಣಗಳಿದ್ದುವೆಂಬುದನ್ನು ನಾವು ಮರೆಯಬಾರದು. ಯಂತ್ರವು ಕೈಗಳಿಂದ ಕೆಲಸವನ್ನು ಕಸಿಯುವುದೆಂಬ ಅವರ ಭಯವು ಇಂದಿಗೂ ಹಳತಾಗಿಲ್ಲ.

ಸುಭಾಷರು ರಾಷ್ಟ್ರೀಯ ಯೋಜನಾ ಸಮಿತಿಯೊಂದನ್ನು ನೇಮಿಸಲು ಒಪ್ಪಿದರು. ಅದರ ಅಧ್ಯಕ್ಷಸ್ಥಾನಕ್ಕೆ ಮೊದಲು ಬಂದ ಹೆಸರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರದು. ಕನ್ನಂಬಾಡಿ ಕಟ್ಟೆಯನ್ನೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನೂ ನಾಡಿಗೆ ಕೊಟ್ಟು, 1934ರಲ್ಲಿಯೇ ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ಗ್ರಂಥ ಬರೆದಿದ್ದ ಆ ಹಿರಿಯರಿಗಿಂತ ಯೋಗ್ಯರು ಯಾರು? ಆದರೆ ಪಂಡಿತರ ವರದಿಗಳು ಕಪಾಟಿನಲ್ಲಿ ಧೂಳು ತಿನ್ನುವುದನ್ನು ಸಾಹಾ ಅವರು ಕಂಡಿದ್ದರು. ಜನರ ಮೇಲೆ ಪ್ರಭಾವವುಳ್ಳ ರಾಜಕೀಯ ನಾಯಕನು ಮುಂದೆ ನಿಲ್ಲದಿದ್ದರೆ ಯೋಜನೆಯು ಕಾಗದದಲ್ಲಿಯೇ ಉಳಿಯುವುದೆಂದು ಅವರು ವಿನಯದಿಂದ ನಿವೇದಿಸಿಕೊಳ್ಳಲು, ವಿಶ್ವೇಶ್ವರಯ್ಯನವರು ಅದನ್ನು ಒಪ್ಪಿ, ಯಾವ ಅಸಮಾಧಾನವನ್ನೂ ತೋರದೆ ಸ್ಥಾನವನ್ನು ಬಿಟ್ಟುಕೊಟ್ಟರು. ಜವಾಹರಲಾಲ ನೆಹರೂ ಅವರು ಅಧ್ಯಕ್ಷರಾದರು. ಇಂದು ಪದವಿಗಾಗಿ ನಡೆಯುವ ಕಾದಾಟಗಳನ್ನು ನೋಡುವ ನಮಗೆ ಆ ಹಿರಿಯರ ನಡತೆ ಕಣ್ಣು ತೆರೆಸುವಂತಿದೆ. ವಿದ್ಯುತ್ತು ಮತ್ತು ಇಂಧನದ ಉಪಸಮಿತಿಯ ಹೊಣೆಯನ್ನು ಸಾಹಾ ಅವರೇ ಹೊತ್ತರು.

ಹಳತನ್ನು ಕುರಿತ ಅವರ ನಿಲುವಿಗೆ ಒಂದು ಪ್ರಸಂಗವು ಪ್ರಸಿದ್ಧವಾಗಿದೆ. ಯುರೋಪಿನಿಂದ ಬಂದ ಹೊಸದರಲ್ಲಿ ಢಾಕಾದ ವೃದ್ಧ ವಕೀಲರೊಬ್ಬರು ಇವರ ಸಂಶೋಧನೆಯೇನೆಂದು ಕೇಳಿದರು. ಇವರು ಉತ್ಸಾಹದಿಂದ ವಿವರಿಸುತ್ತಿರಲು, ಇದರಲ್ಲಿ ಹೊಸತೇನಿದೆ, ಎಲ್ಲವೂ ವೇದದಲ್ಲಿದೆಯಲ್ಲಾ ಎಂದರಂತೆ ಆ ವೃದ್ಧರು. ವೇದದ ಯಾವ ಭಾಗದಲ್ಲಿದೆಯೆಂದು ಇವರು ಕೇಳಲಾಗಿ, ತಾವು ಓದಿಲ್ಲ, ಆದರೆ ಇರಲೇಬೇಕು ಎಂಬ ಉತ್ತರ ಬಂದಿತಂತೆ. ಇದನ್ನು ಸಾಹಾ ಅವರು ಬರೆದಾಗ ಬಂಗಾಲದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಅವರೋ ಹಳೆಯ ಶಾಸ್ತ್ರಗಳನ್ನು ಓದದೆ ತೆಗಳಿದವರಲ್ಲ. ನಮ್ಮ ಪ್ರಾಚೀನ ಜ್ಯೋತಿಷ ಗ್ರಂಥಗಳನ್ನು ಅವರಷ್ಟು ಶ್ರಮಪಟ್ಟು ಪರಿಶೀಲಿಸಿದ ವಿಜ್ಞಾನಿಗಳು ಕೆಲವರೇ.

ಅಣುಶಕ್ತಿಯ ವಿವಾದ

1938ರಲ್ಲಿ ಕಲ್ಕತ್ತೆಗೆ ಪಾಲಿತ್ ಪ್ರಾಧ್ಯಾಪಕರಾಗಿ ಹಿಂದಿರುಗಿದ ಸಾಹಾ ಅವರ ಮನಸ್ಸನ್ನು ಪರಮಾಣುಬೀಜದ ವಿಜ್ಞಾನವು ಸೆಳೆಯಿತು. ಅದೇ ವರ್ಷದ ಕೊನೆಗೆ ಜರ್ಮನಿಯಲ್ಲಿ ಯುರೇನಿಯಮ್ ಪರಮಾಣುವು ಸೀಳಿತು. 1940ರಲ್ಲಿಯೇ ಅವರು ಆ ವಿಷಯವನ್ನು ಎಂ.ಎಸ್‌ಸಿ. ಪಾಠಕ್ರಮದಲ್ಲಿ ಸೇರಿಸಿದರು. ಸೈಕ್ಲೋಟ್ರಾನ್ ಎಂಬ ಯಂತ್ರವನ್ನು ಕಟ್ಟಲು ಶಿಷ್ಯ ನಾಗಚೌಧುರಿಯವರನ್ನು ಅಮೆರಿಕದ ಲಾರೆನ್ಸ್ ಅವರ ಬಳಿ ತರಬೇತಿಗೆ ಕಳುಹಿಸಿದರು. ಯಂತ್ರದ ಭಾಗಗಳನ್ನು ತರುತ್ತಿದ್ದ ಹಡಗೊಂದು ಯುದ್ಧದಲ್ಲಿ ಮುಳುಗಿತು. ಕೆಲಸವು ವರ್ಷಗಟ್ಟಲೆ ಹಿಂದೆ ಬಿದ್ದಿತು. ಆದರೂ ಛಲ ಬಿಡದೆ ಕಟ್ಟಿದ ಅವರ ಪರಮಾಣುಬೀಜ ವಿಜ್ಞಾನ ಸಂಸ್ಥೆಯನ್ನು 1950ರ ಜನವರಿಯಲ್ಲಿ ಮೇಡಂ ಕ್ಯೂರಿಯವರ ಪುತ್ರಿ ಇರೆನ್ ಜೋಲಿಯೋ ಕ್ಯೂರಿಯವರು ಉದ್ಘಾಟಿಸಿದರು.

ಈ ನಡುವೆ ಜಗತ್ತು ಬದಲಾಗಿದ್ದಿತು. 1945ರ ಆಗಸ್ಟಿನಲ್ಲಿ ಹಿರೋಶಿಮಾ ನಾಗಾಸಾಕಿಗಳು ಬೂದಿಯಾದುವು. ಅದೇ ವರ್ಷ ಸಾಹಾ ಅವರು ರಶಿಯಕ್ಕೆ ಹೋಗಿ, ಅಲ್ಲಿ ವಿಜ್ಞಾನಕ್ಕೆ ಸರಕಾರವು ಕೊಡುತ್ತಿದ್ದ ಪ್ರೋತ್ಸಾಹವನ್ನು ಕಂಡು ಬೆರಗಾಗಿ ಬಂದು, ಆ ಅನುಭವವನ್ನು 1947ರಲ್ಲಿ ಪುಸ್ತಕವಾಗಿ ಬರೆದರು. ಆ ರಾಜ್ಯದಲ್ಲಿ ವಿಜ್ಞಾನಿಗಳೇ ಅನುಭವಿಸಿದ ಕಿರುಕುಳದ ಕಥೆಗಳು ಮುಂದೆ ಹೊರಬಿದ್ದುವು. ಅವರ ಮೆಚ್ಚಿಕೆಯಲ್ಲಿ ಆ ಪಾರ್ಶ್ವಕ್ಕೆ ಸಾಕಷ್ಟು ಎಡೆಯಿರಲಿಲ್ಲವೆಂದು ನಾವು ಹೇಳದಿರುವುದು ಪಕ್ಷಪಾತವಾದೀತು.

ಸ್ವತಂತ್ರ ಭಾರತದಲ್ಲಿ 1948ರಲ್ಲಿ ಅಣುಶಕ್ತಿ ಆಯೋಗವು ಡಾಕ್ಟರ್ ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾಯಿತು. ಸಾಹಾ ಅವರು ಇದಕ್ಕೆ ಒಪ್ಪಿರಲಿಲ್ಲ. ಮೊದಲು ವಿಶ್ವವಿದ್ಯಾನಿಲಯಗಳಲ್ಲಿ ತರುಣರನ್ನು ತಯಾರು ಮಾಡಬೇಕು, ಉದ್ಯಮಗಳ ತಳಹದಿಯನ್ನು ಹಾಕಬೇಕು, ಆಮೇಲೆ ಆಯೋಗ ಎಂಬುದು ಅವರ ಅಭಿಪ್ರಾಯ. ಸಂಶೋಧನೆಯನ್ನು ರಹಸ್ಯದ ಗೋಡೆಗಳ ಹಿಂದೆ ಇಡುವುದನ್ನೂ, ಒಂದೇ ಇಲಾಖೆಯ ಕೈಯಲ್ಲಿ ಕೂಡಿಹಾಕುವುದನ್ನೂ ಅವರು ವಿರೋಧಿಸಿದರು. ನೆಹರೂ ಅವರ ವಿಶ್ವಾಸವು ಭಾಭಾ ಅವರ ಕಡೆಗಿದ್ದಿತು. ದೇಶದಲ್ಲಿ ಪರಮಾಣು ವಿಜ್ಞಾನದ ಪಾಠವನ್ನು ಮೊದಲು ಹೇಳಿಕೊಟ್ಟವರಲ್ಲಿ ಒಬ್ಬರಾದ ಗುರುವೇ, ಅಣುಶಕ್ತಿಯ ನಿರ್ಣಯಗಳಾಗುವ ಕೋಣೆಯಿಂದ ಹೊರಗುಳಿದರು. ಬಾಯಿ ಮುಚ್ಚಿಕೊಂಡಿದ್ದರೆ ಒಳಗೆ ಒಂದು ಆಸನವು ಸಿಕ್ಕುತ್ತಿದ್ದಿತೇನೋ. ಅದು ಅವರ ಸ್ವಭಾವಕ್ಕೆ ಒಗ್ಗಲಿಲ್ಲ. ಭಾಭಾ ಅವರು ಕಟ್ಟಿದ ಸಂಸ್ಥೆಗಳ ಹಿರಿಮೆ ಎಲ್ಲರಿಗೂ ಗೊತ್ತು. ಆದರೆ ದೊಡ್ಡ ಸಂಶೋಧನೆಯೆಲ್ಲ ಪ್ರತ್ಯೇಕ ಸಂಸ್ಥೆಗಳಿಗೆ ಹೋಗಿ, ವಿಶ್ವವಿದ್ಯಾನಿಲಯಗಳು ಬರಿಯ ಪರೀಕ್ಷೆ ನಡೆಸುವ ಕಚೇರಿಗಳಂತಾದುವೆಂಬ ದೂರು ಇಂದಿಗೂ ಕೇಳಿಬರುತ್ತಿರುವಾಗ, ಸಾಹಾ ಅವರ ಎಚ್ಚರಿಕೆಯನ್ನು ತಳ್ಳಿಹಾಕಲು ನಮಗೆ ಮನಸ್ಸು ಬಾರದು.

ಲೋಕಸಭೆಯಲ್ಲಿ

ಒಳಗಿನ ಕೋಣೆಯ ಬಾಗಿಲು ಮುಚ್ಚಿದಾಗ ಅವರು ಜನರ ಬಾಗಿಲನ್ನು ತಟ್ಟಿದರು. 1952ರ ಮೊದಲ ಮಹಾಚುನಾವಣೆಯಲ್ಲಿ ವಾಯವ್ಯ ಕಲ್ಕತ್ತೆಯಿಂದ ಎಡಪಕ್ಷಗಳ ಬೆಂಬಲದಿಂದ ಸ್ವತಂತ್ರ ಅಭ್ಯರ್ಥಿಯಾಗಿ ನಿಂತು ಗೆದ್ದರು. ಚುನಾವಣೆಯ ಖರ್ಚಿಗಾಗಿ, ತಾವು ಬರೆದ ಉಷ್ಣವಿಜ್ಞಾನದ ಪಠ್ಯಪುಸ್ತಕದ ಪ್ರಕಾಶಕರಿಂದ ಮುಂಗಡ ಕೇಳಿದರೆಂದು ತಿಳಿದುಬರುತ್ತದೆ. ಲೋಕಸಭೆಯಲ್ಲಿ ಶಿಕ್ಷಣ, ಉದ್ಯಮ, ನದಿಗಳ ಯೋಜನೆ ಎಲ್ಲದರ ಮೇಲೆಯೂ ಅಂಕಿಅಂಶಗಳ ಸಹಿತ ಮಾತನಾಡಿದರು. 1954ರ ಮೇ 10ರಂದು ಅಣುಶಕ್ತಿಯ ಶಾಂತಿಯುತ ಉಪಯೋಗದ ಮೇಲೆ ಸಭೆಯಲ್ಲಿ ಚರ್ಚೆಯನ್ನು ಎತ್ತಿದವರು ಅವರೇ. ವಿಭಜನೆಯಿಂದಾಗಿ ತಮ್ಮ ಹುಟ್ಟೂರೇ ಪರದೇಶವಾಗಿಹೋಗಿದ್ದ ಅವರಿಗೆ ಪೂರ್ವಬಂಗಾಲದ ನಿರಾಶ್ರಿತರ ಗೋಳು ಮನೆಯ ಗೋಳೇ ಆಗಿದ್ದಿತು. ಅವರ ಪುನರ್ವಸತಿಗಾಗಿ ಅವರು ಹೊರಗೂ ಸಭೆಯೊಳಗೂ ಹೋರಾಡಿದರು.

ಪಂಚಾಂಗದ ಸುಧಾರಣೆ

ಅದೇ 1952ರಲ್ಲಿ ಸರಕಾರವು ಪಂಚಾಂಗ ಸುಧಾರಣಾ ಸಮಿತಿಯೊಂದನ್ನು ನೇಮಿಸಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ದೇಶದಲ್ಲಿ ಆಗ ಸುಮಾರು ಮೂವತ್ತು ಬಗೆಯ ಪಂಚಾಂಗಗಳಿದ್ದುವು. ಪರಸ್ಥಳದಲ್ಲಿರುವ ಕನ್ನಡಿಗರಿಗೆ ಇದು ತಿಳಿಯದ ವಿಷಯವಲ್ಲ. ಮುಂಬಯಿಯ ಮರಾಠಿ ನೆರೆಯವರು ಗುಡಿಪಾಡ್ಯವನ್ನು ಆಚರಿಸುವ ದಿನವೇ ನಮ್ಮಲ್ಲಿ ಚಾಂದ್ರಮಾನ ಯುಗಾದಿ. ತುಳುನಾಡಿನವರಿಗೂ ಮದರಾಸಿನ ತಮಿಳರಿಗೂ ಏಪ್ರಿಲ್ ನಡುವಿನಲ್ಲಿ ಸೌರಮಾನದ ವರ್ಷಾರಂಭ.

ಸಮಿತಿಯು ಎತ್ತಿ ತೋರಿದ ಮುಖ್ಯ ದೋಷವೆಂದರೆ ಇದು. ಹಳೆಯ ಸಿದ್ಧಾಂತದ ವರ್ಷವು ಋತುಗಳ ವರ್ಷಕ್ಕಿಂತ ಸ್ವಲ್ಪ ಉದ್ದ. ಆ ಸ್ವಲ್ಪವು ಸುಮಾರು 1,400 ವರ್ಷಗಳಲ್ಲಿ ಕೂಡಿ ಕೂಡಿ 23 ದಿನಗಳಾಗಿದೆ. ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ; ನಾವು ಮಕರಸಂಕ್ರಾಂತಿಯನ್ನು ಆಚರಿಸುವುದು ಜನವರಿ 14ರ ಸುಮಾರಿಗೆ. ಹೀಗೆಯೇ ಬಿಟ್ಟರೆ ವಸಂತದ ಹಬ್ಬವು ಒಂದು ಕಾಲಕ್ಕೆ ಬೇಸಗೆಗೂ ಮಳೆಗಾಲಕ್ಕೂ ಜಾರೀತು. ಆದುದರಿಂದ ಹಗಲಿರುಳು ಸಮವಾಗುವ ದಿನದ ಮರುದಿನ, ಅಂದರೆ ಮಾರ್ಚ್ 22ಕ್ಕೆ, ಚೈತ್ರದ ಮೊದಲ ದಿನವನ್ನು ಹಿಡಿದು ಶಕವರ್ಷದ ಒಂದು ರಾಷ್ಟ್ರೀಯ ಪಂಚಾಂಗವು ಬೇಕೆಂದು ಸಮಿತಿಯು 1955ರಲ್ಲಿ ವರದಿಯೊಪ್ಪಿಸಿತು. 1957ನೆಯ ಇಸವಿ ಮಾರ್ಚ್ 22ರಂದು, ಶಕ 1879ರ ಚೈತ್ರ 1ನೆಯ ದಿನ, ಅದು ಜಾರಿಗೆ ಬಂದಿತು. ಭಾರತದ ಗೆಜೆಟ್ಟಿನಲ್ಲಿ ಇಂದಿಗೂ ಅದರ ತಾರೀಕು ಅಚ್ಚಾಗುತ್ತದೆ. ಹಬ್ಬಹುಣ್ಣಿಮೆಗಳಿಗೆ ಮಾತ್ರ ಜನರು ತಮ್ಮ ಮಠ, ಮನೆತನಗಳ ಪಂಚಾಂಗವನ್ನೇ ಹಿಡಿದಿದ್ದಾರೆ. ಗಣಿತವನ್ನು ಒಪ್ಪಿಸಬಹುದು, ರೂಢಿಯನ್ನು ಬದಲಿಸುವುದು ಅಷ್ಟು ಸುಲಭವಲ್ಲ.

ಕೊನೆಯ ದಿನ

ಪಂಚಾಂಗವು ಜಾರಿಗೆ ಬಂದುದನ್ನು ಅವರು ಕಾಣಲಿಲ್ಲ. 1956ನೆಯ ಇಸವಿ ಫೆಬ್ರವರಿ 16ರಂದು ದೆಹಲಿಯಲ್ಲಿ, ರಾಷ್ಟ್ರಪತಿ ಭವನದಲ್ಲಿದ್ದ ಯೋಜನಾ ಆಯೋಗದ ಕಚೇರಿಗೆ ನಡೆದುಹೋಗುತ್ತಿದ್ದಾಗ ಹೃದಯಾಘಾತವಾಗಿ ದಾರಿಯಲ್ಲಿಯೇ ಕುಸಿದು ತೀರಿಕೊಂಡರು. ಅವರಿಗೆ ಆಗ 62 ವರ್ಷ. ಅವರು ಕಟ್ಟಿದ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. ನಕ್ಷತ್ರಗಳ ವಿಷಯವನ್ನು ಓದುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲಿಯೂ ಅವರ ಸೂತ್ರವನ್ನು ಕಲಿಯುತ್ತಾರೆ.

ಅವರ ಅಭಿಪ್ರಾಯಗಳೆಲ್ಲ ಸರಿಯಾಗಿದ್ದುವೆಂದು ನಾವು ಹೇಳುವುದಿಲ್ಲ. ದೊಡ್ಡ ಅಣೆಕಟ್ಟುಗಳ ಮೇಲೆ ಅವರಿಟ್ಟ ಭರವಸೆಯನ್ನು ಇಂದು ಎಲ್ಲರೂ ಒಪ್ಪಲಾರರು. ಅವುಗಳಿಗಾಗಿ ಮನೆಮಠ ಕಳೆದುಕೊಂಡವರ ಕಥೆಯೂ ಇದೆ. ಮಾತಿನಲ್ಲಿ ಅವರು ಒರಟರೆಂದೂ, ಒಂದು ಸಂಸ್ಥೆಯಲ್ಲಿ ಹಲವು ಹಿರಿಯರೊಡನೆ ಹೊಂದಿಕೊಂಡು ಹೋಗುವುದು ಅವರಿಗೆ ಕಷ್ಟವಾಗಿದ್ದಿತೆಂದೂ ಸಮಕಾಲೀನರು ಹೇಳಿದ್ದುಂಟು. ಆದರೆ ತಮಗೆ ಗೊತ್ತಿದ್ದುದನ್ನು ಗೊತ್ತಿಲ್ಲದವರ ಹಿತಕ್ಕಾಗಿ ಹೇಳಲೇಬೇಕೆಂಬ ಹಟವನ್ನು ಅವರು ಎಂದೂ ಬಿಡಲಿಲ್ಲ. ಒಬ್ಬ ಅಣ್ಣನ ಐದು ರೂಪಾಯಿ, ಒಬ್ಬ ವೈದ್ಯನ ಮನೆಯ ಅನ್ನ, ಒಂದು ಚಿಕ್ಕ ಸಮಿತಿಯ ಎರಡು ರೂಪಾಯಿ ಇವುಗಳಿಂದ ಬೆಳೆದ ವಿದ್ಯೆ ಅದು. ಆ ಋಣವನ್ನು ಅವರು ನೆರೆಯಲ್ಲಿ ಮುಳುಗಿದವರಿಗೆ, ಮನೆ ಕಳೆದುಕೊಂಡವರಿಗೆ, ವಿದ್ಯುತ್ತಿನ ದೀಪವನ್ನೇ ಕಾಣದ ಹಳ್ಳಿಗಳಿಗೆ ತೀರಿಸಲು ಹೊರಟರು. ನಮ್ಮಲ್ಲಿಯೂ ಓದಿ ಮುಂದೆ ಬರುತ್ತಿರುವ ತರುಣರುಂಟು. ಅವರ ಓದಿಗಾಗಿ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವವರೂ ಉಂಟು. ಇವರಿಬ್ಬರೂ ಮೇಘನಾದ ಸಾಹಾ ಅವರ ಹೆಸರಿನೊಡನೆ ಜಯನಾಥನ ಹೆಸರನ್ನೂ ನೆನಪಿನಲ್ಲಿಟ್ಟುಕೊಳ್ಳಲೆಂದು ನಾವು ಆಶಿಸುತ್ತೇವೆ.